ಕುದುರೆಮುಖ–ಕಳಸ ಎರಡು ದಿನ: ಅಮ್ಮ, ಮಗ, ಟ್ರೆಕ್ಕಿಂಗ್ ಎಲ್ಲ ಹೊಂದುತ್ತಾ?

ಪ್ರಶ್ನೆ: ತುಂಗಾನಾಲೆ

ನಮಸ್ಕಾರ. ನವೆಂಬರ್ ಕೊನೆಯ ಶನಿವಾರ–ಭಾನುವಾರ ಕುದುರೆಮುಖಕ್ಕೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಹೊರಡೋದು ಶಿವಮೊಗ್ಗದಿಂದ. ನಾನು, ಮನೆಯವರು, ತಮ್ಮ, ತಮ್ಮನ ಹೆಂಡತಿ, ಅಮ್ಮ, ಮಗ, ಒಟ್ಟು ಆರು ಜನ. ಅಮ್ಮನಿಗೆ 64, ಮಂಡಿನೋವಿದೆ. ಮಗನಿಗೆ 9, ಘಾಟಿಯಲ್ಲಿ ವಾಂತಿ ಗ್ಯಾರಂಟಿ. ಗಾಡಿ ಏಳು ಸೀಟಿನದ್ದು.

ಹಾಕಿಕೊಂಡಿರೋ ಲೆಕ್ಕ ಹೀಗಿದೆ. ಶನಿವಾರ ಬೆಳಿಗ್ಗೆ 7ಕ್ಕೆ ಬಿಟ್ಟು ಶೃಂಗೇರಿಯಲ್ಲಿ ದರ್ಶನ, ಊಟ. ಅಲ್ಲಿಂದ ಹನುಮಾನಗುಂಡಿ, ಕಡಾಂಬಿ ಎರಡೂ ಜಲಪಾತ ನೋಡಿ ಕುದುರೆಮುಖ ಊರಲ್ಲೇ ರೂಮು. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿ 12ರ ಒಳಗೆ ಇಳಿದು, ಹೊರನಾಡಲ್ಲಿ ಪ್ರಸಾದ, ರಾತ್ರಿ 8ಕ್ಕೆ ಮನೆ.

ಇದು ಆಗುತ್ತಾ? ಪರ್ಮಿಟ್ ಹೇಗೆ ತಗೋಬೇಕು? ಮಗನನ್ನ ಹತ್ತಿಸಬಹುದಾ? ನ್ಯಾಷನಲ್ ಪಾರ್ಕ್ ಅಂದಮೇಲೆ ಸಫಾರಿ ಇರುತ್ತಾ? ಉಂಬಳ (ಜಿಗಣೆ), ಮಂಗನ ಕಾಯಿಲೆ ಅಂತ ಅಮ್ಮ ಈಗಲೇ ಹೆದರಿಸ್ತಿದ್ದಾರೆ. ಗೊತ್ತಿರೋರು ತಿಳಿಸಿ.


ಉತ್ತರ: ಸಂಸೆ ಕಡೆಯವ

ಮೊದಲು ಒಂದು ತಪ್ಪು ಸರಿಮಾಡೋಣ ಮಾರಾಯ್ರೆ. ಕುದುರೆಮುಖ ಊರು ಬೇರೆ, ಕುದುರೆಮುಖ ಗುಡ್ಡ ಹತ್ತೋ ಜಾಗ ಬೇರೆ. ಮ್ಯಾಪಿನಲ್ಲಿ ಬರೀ ಕುದುರೆಮುಖ ಅಂತ ಒತ್ತಿದ್ರೆ ಅದು ಕರೆದುಕೊಂಡು ಹೋಗೋದು ಗಣಿ ಕಂಪನಿ ಕಟ್ಟಿದ ಟೌನ್‌ಶಿಪ್ಪಿಗೆ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾದಾಗ ಎದ್ದ ಊರದು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತ ಮೇಲೆ ಅರ್ಧಕ್ಕರ್ಧ ಕ್ವಾರ್ಟರ್ಸ್ ಖಾಲಿ ಬಿದ್ದಿವೆ. ಮಡಿಕೇರಿ, ಊಟಿ ಥರ ಸಾಲುಸಾಲು ಹೋಟೆಲು, ಸಂಜೆ ಪೇಟೆ ತಿರುಗಾಟ ಅಲ್ಲಿ ಹುಡುಕಬೇಡಿ. ಅದಿರು ತೊಳೆದ ಹೂಳು ನಿಲ್ಲಿಸೋಕೆ ಕಟ್ಟಿದ ಲಕ್ಯಾ ಅಣೆಕಟ್ಟಿಗೂ ಸಾರ್ವಜನಿಕರನ್ನ ಬಿಡೋದಿಲ್ಲ. ಹಳೇ ಫೋಟೋ ನೋಡಿಕೊಂಡು ಬಂದವರು ಗೇಟಿಂದಲೇ ವಾಪಸ್.

ಗುಡ್ಡದ ದಾರಿ ಶುರುವಾಗೋದು ಮುಳ್ಳೋಡಿಯಿಂದ. ಅಲ್ಲಿಗೆ ಕಳಸ–ಕುದುರೆಮುಖ ರಸ್ತೆಯಲ್ಲಿ ಸಿಗೋ ಸಂಸೆಯಿಂದ ಬಾಳಿಗೆ ಅನ್ನೋ ಊರಿನ ಮೇಲೆ ಒಳಗೆ ಹೋಗಬೇಕು. ಬಾಳಿಗೆಯಿಂದ ಮುಳ್ಳೋಡಿವರೆಗಿನ ಕೊನೇ ತುಂಡು ರಸ್ತೆ ಅಂದ್ರೆ ಬರೀ ಕಲ್ಲು, ಕೊರಕಲು. ನಿಮ್ಮ ಏಳು ಸೀಟಿನ ಗಾಡಿಯ ಹೊಟ್ಟೆ ತಾಗುತ್ತೆ. ಅಲ್ಲಿ ಓಡೋದು ಫೋರ್ ವ್ಹೀಲ್ ಜೀಪು ಮಾತ್ರ. ಉಳಿದುಕೊಳ್ಳೋ ಜಾಗ ಕಳಸ ಅಥವಾ ಸಂಸೆ ಸುತ್ತ ನೋಡಿ. ಹೋಂಸ್ಟೇ ಎಲ್ಲ ಇರೋದು ಈ ಕಡೆಯೇ.

ಮುಳ್ಳೋಡಿಯಿಂದ ತುದಿಗೆ ಒಂದು ಕಡೆಗೇ 9–10 ಕಿಲೋಮೀಟರ್. ಹೋಗಿ ಬರೋಕೆ ಹತ್ತಿರ ಹತ್ತಿರ 20. ನಡೆದು ರೂಢಿ ಇರೋರಿಗೆ ಹತ್ತೋಕೆ ನಾಲ್ಕು ತಾಸು, ಇಳಿಯೋಕೆ ಮೂರು. ಬೆಳಿಗ್ಗೆ ಆರೂವರೆಗೆ ಕಾಲಿಟ್ಟರೂ ನಡುವೆ ಊಟ, ವಿಶ್ರಾಂತಿ ಸೇರಿ ಮಧ್ಯಾಹ್ನ ಮೂರಕ್ಕೆ ಮೊದಲು ಜೀಪ್ ಹತ್ತಿರ ಬರೋದು ಕಷ್ಟ. ಹನ್ನೆರಡಕ್ಕೆ ಇಳಿದು ಹೊರನಾಡಲ್ಲಿ ಊಟ ಅನ್ನೋದನ್ನ ಪಟ್ಟಿಯಿಂದ ಹೊಡೆದುಹಾಕಿ. ಗುಡ್ಡ ಹತ್ತೋ ದಿನ ಬರೀ ಗುಡ್ಡ, ಬೇರೆ ಏನೂ ಅಲ್ಲ.

ಪರ್ಮಿಟ್ ವಿಷಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸಾವಿರಗಟ್ಟಲೆ ಜನ ಸೇರಿದ ಗಲಾಟೆ ನೆನಪಿರಬಹುದು. ಅದಾದಮೇಲೆ ಅರಣ್ಯ ಇಲಾಖೆ ಒಂದೊಂದು ದಾರಿಗೂ ದಿನಕ್ಕೆ 300 ಜನ ಅಂತ ಮಿತಿ ಹಾಕಿ, ಟಿಕೆಟ್ ಆನ್‌ಲೈನ್ ಮಾಡಿತು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲೇ ತಗೋಬೇಕು. ಶನಿವಾರ–ಭಾನುವಾರದ್ದು ಬೇಗ ಖಾಲಿಯಾಗುತ್ತೆ, ಆದ್ದರಿಂದ ಹೋಂಸ್ಟೇಗೆ ಮುಂಗಡ ಕಳಿಸೋ ಮೊದಲು ಟಿಕೆಟ್ ಕೈಗೆ ಬರಲಿ. ಉಲ್ಟಾ ಮಾಡಿದವರು ರೂಮಲ್ಲಿ ಕೂತು ಬೋಂಡಾ ತಿಂದು ಬರ್ತಾರೆ. ಹೆಸರು ಗುರುತಿನ ಚೀಟಿಯಲ್ಲಿ ಇರೋ ಹಾಗೇ ಹಾಕಿ. ಮನೆಯಲ್ಲಿ ಕರೆಯೋ ಹೆಸರು ಹಾಕಿ ಗೇಟಲ್ಲಿ ವಾದ ಮಾಡೋದು ಬೇಡ. ದಾರಿ ಆಯ್ಕೆ ಮಾಡುವಾಗಲೂ ಕಣ್ಣಿಟ್ಟು ನೋಡಿ. ಕುದುರೆಮುಖ, ನೇತ್ರಾವತಿ, ಕುರಿಂಜಾಲು, ಗಂಗಡಿಕಲ್ಲು, ನರಸಿಂಹಪರ್ವತ ಎಲ್ಲ ಒಂದೇ ಕಡೆ ಪಟ್ಟಿಯಲ್ಲಿರುತ್ತವೆ, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯೋದಿಲ್ಲ. ಮುಳ್ಳೋಡಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಟಿಕೆಟ್ಟಿನ ಪ್ರಿಂಟ್ ಕಿಸೆಯಲ್ಲಿರಲಿ. ಗೈಡ್ ಜೊತೆಗೇ ಹೋಗಬೇಕು, ತುದಿಯಲ್ಲಿ ರಾತ್ರಿ ಉಳಿಯೋ ಹಾಗಿಲ್ಲ. ಡ್ರೋನ್, ಮದ್ಯ ಎರಡೂ ಮನೆಯಲ್ಲೇ ಬಿಟ್ಟು ಬನ್ನಿ.

ಒಂಬತ್ತು ವರ್ಷದ ಮಗುವಿಗೆ 20 ಕಿಲೋಮೀಟರ್? ನನ್ನ ಕೇಳಿದ್ರೆ ಬೇಡ. ಹತ್ತುವಾಗ ಮಕ್ಕಳು ಜಿಂಕೆ ಥರ ಓಡ್ತಾರೆ, ಇಳಿಯುವಾಗ ಆರನೇ ಕಿಲೋಮೀಟರಿಗೆ ಕೂತುಬಿಡ್ತಾರೆ. ಆಮೇಲೆ 28 ಕೇಜಿ ಹೊತ್ತು ಕೆಂಪುಮಣ್ಣಿನ ಇಳಿಜಾರು ಇಳಿಯೋರು ಯಾರು? ನಿಮ್ಮ ಮನೆಯಿಂದ ಇಬ್ಬರು ಅಥವಾ ಮೂವರು ಹತ್ತಲಿ. ಉಳಿದವರಿಗೆ ಕಳಸದಲ್ಲೇ ಒಂದು ದಿನ ಆರಾಮಾಗಿ ಕಳೆಯೋಷ್ಟು ಇದೆ.


ಉತ್ತರ: ಸೆಕೆಂಡ್ ಗೇರ್

ರಸ್ತೆ ಬಗ್ಗೆ ನಾನು ಹೇಳ್ತೀನಿ. ನಿಮಗೆ ಎರಡು ದಾರಿ ಇವೆ, ಹೋಗೋಕೆ ಒಂದು, ಬರೋಕೆ ಒಂದು ಇಟ್ಕೊಳ್ಳಿ.

ಒಂದು: ಶಿವಮೊಗ್ಗ–ಉಂಬ್ಳೇಬೈಲು–ಎನ್.ಆರ್. ಪುರ–ಬಾಳೆಹೊನ್ನೂರು–ಮಾಗುಂಡಿ–ಬಾಳೆಹೊಳೆ–ಕಳಸ. ಇದು ನ್ಯಾಷನಲ್ ಪಾರ್ಕಿನ ಒಳಗೆ ಹೋಗೋದಿಲ್ಲ, ಗೇಟಿನ ತಾಪತ್ರಯವಿಲ್ಲ. ಬಾಳೆಹೊನ್ನೂರಿಂದ ಮುಂದೆ ಕಾಫಿ ತೋಟದ ನಡುವೆ ತಿರುವಿನ ಮೇಲೆ ತಿರುವು, ಅಗಲ ಕಡಿಮೆ. ಎದುರಿಂದ ಕಳಸದ ಬಸ್ಸು ಬಂದ್ರೆ ನೀವೇ ಮಣ್ಣಿಗಿಳಿಯಬೇಕು. ಕಿಲೋಮೀಟರ್ ನೋಡಿ ಹೊತ್ತು ಲೆಕ್ಕ ಹಾಕಬೇಡಿ. ಮಗನಿಗೋಸ್ಕರ ನಿಲ್ಲಿಸೋದೂ ಸೇರಿ ನಾಲ್ಕರಿಂದ ನಾಲ್ಕೂವರೆ ತಾಸು.

ಎರಡು: ರಾಷ್ಟ್ರೀಯ ಹೆದ್ದಾರಿ 169. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ನೆಮ್ಮಾರು, ತನಿಕೋಡು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್. ಅಲ್ಲಿ ನೇರ ಇಳಿದ್ರೆ ಮಾಳ, ಬಜಗೋಳಿ, ಕಾರ್ಕಳ; ಎಡಕ್ಕೆ ತಿರುಗಿದ್ರೆ ಕುದುರೆಮುಖ, ಸಂಸೆ, ಕಳಸ. ಎಸ್.ಕೆ. ಅಂದ್ರೆ ಸೌತ್ ಕೆನರಾ. ಆ ಕಡೆ 1997ರಲ್ಲೇ ಉಡುಪಿ ಜಿಲ್ಲೆ ಆಯ್ತು, ಗಡಿಗೆ ಮಾತ್ರ ಬ್ರಿಟಿಷರ ಕಾಲದ ಹೆಸರೇ ಗಟ್ಟಿ. ಹನುಮಾನಗುಂಡಿ, ಕಡಾಂಬಿ ಎರಡೂ ಎಸ್.ಕೆ. ಬಾರ್ಡರ್–ಕುದುರೆಮುಖ ರಸ್ತೆಯಲ್ಲೇ ಸಿಗ್ತವೆ. ಗಂಗಾಮೂಲವೂ ಈ ಕಾಡಿನಲ್ಲೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋ ಜಾಗ, ಆದ್ರೆ ಅಲ್ಲಿಗೆ ಹಾಗೇ ನುಗ್ಗೋಕೆ ಬಿಡೋದಿಲ್ಲ.

ಈ ದಾರಿಯಲ್ಲಿ ಜನ ಎಡವೋದು ಚೆಕ್‌ಪೋಸ್ಟಿನಲ್ಲಿ. ಗೇಟಲ್ಲಿ ಗಾಡಿ ನಂಬರು, ಒಳಗೆ ಬಂದ ಹೊತ್ತು ಬರೆದು ಚೀಟಿ ಕೊಡ್ತಾರೆ, ಆಚೆ ಗೇಟಲ್ಲಿ ಅದನ್ನ ನೋಡ್ತಾರೆ. ನಡುವೆ ಚಾಪೆ ಹಾಸಿ ಪುಳಿಯೋಗರೆ ತಿಂದು ತಡ ಮಾಡಿದ್ರೆ ಉತ್ತರ ಹೇಳಬೇಕಾಗುತ್ತೆ. ಗುರುತು ಮಾಡಿದ ಜಾಗ ಬಿಟ್ಟು ಎಲ್ಲೂ ನಿಲ್ಲಿಸಬೇಡಿ. ಊಟ ಶೃಂಗೇರಿಯಲ್ಲೇ ಮುಗಿಸಿ. ಕತ್ತಲಾಗೋ ಮೊದಲು ಪಾರ್ಕ್ ದಾಟಿಬಿಡಿ. ರಸ್ತೆ ಮೇಲೆ ಕಾಟಿ (ಕಾಡುಕೋಣ) ನಿಂತಿದ್ರೆ ಹಾರ್ನ್ ಹೊಡೀಬೇಡಿ, ದೂರದಲ್ಲೇ ನಿಂತು ಡಿಪ್ ಲೈಟಲ್ಲಿ ಕಾಯಿರಿ. ತಾನಾಗೇ ಸರಿಯುತ್ತೆ.

ಇಳಿಜಾರಲ್ಲಿ ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀರಿ. ಆರು ಜನ, ಬ್ಯಾಗು ತುಂಬಿದ ಗಾಡಿಯನ್ನ ಬರೀ ಬ್ರೇಕಿನ ಮೇಲೆ ಇಳಿಸಿದ್ರೆ ಪ್ಯಾಡ್ ಕಾದು ಹಿಡಿತ ಬಿಡುತ್ತೆ. ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಯ್ತು ಅಂದ್ರೆ ಅಗಲ ಇರೋ ಕಡೆ ನಿಲ್ಲಿಸಿ, ಇಪ್ಪತ್ತು–ಮೂವತ್ತು ನಿಮಿಷ ತಣಿಯೋಕೆ ಬಿಡಿ. ಗಡಿಬಿಡಿಯಲ್ಲಿ ಡಿಸ್ಕ್ ಮೇಲೆ ನೀರು ಸುರಿದ್ರೆ ಅದು ಸೊಟ್ಟಗಾಗುತ್ತೆ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತೆ. ಮಂಜು ಕವಿದ್ರೆ ಹೈಬೀಮ್ ಹಾಕಬೇಡಿ, ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆದು ಬಿಳೀ ಗೋಡೆ ಥರ ಕಾಣುತ್ತೆ. ಲೋಬೀಮ್, ಎಡಗಡೆ ಬಿಳಿ ಗೆರೆ, ಇಪ್ಪತ್ತರ ವೇಗ ಸಾಕು. ಪೆಟ್ರೋಲು, ಡೀಸೆಲ್ಲು ಕೊಪ್ಪ, ಶೃಂಗೇರಿ ಅಥವಾ ಕಳಸದಲ್ಲಿ ತುಂಬಿಸಿಕೊಳ್ಳಿ.

ಮಗನ ವಾಂತಿಗೆ: ಹೊರಡುವ ಮುಂಚೆ ಹಾಲು, ಪೂರಿ ಬೇಡ. ಎರಡು ಇಡ್ಲಿ ಸಾಕು. ಮಾತ್ರೆ ಕೊಡೋದಾದ್ರೆ ಅರ್ಧ ತಾಸು ಮೊದಲೇ ಕೊಡಬೇಕು, ವಾಂತಿ ಶುರುವಾದಮೇಲೆ ಕೊಟ್ಟರೆ ಮಾತ್ರೆಯೂ ಆಚೆಗೇ. ಮಕ್ಕಳ ಅಳತೆ ಡಾಕ್ಟರ ಹತ್ತಿರ ಕೇಳಿ. ಹಿಂದಿನ ಸೀಟಲ್ಲಿ ಕೂರಿಸಬೇಡಿ, ಮಧ್ಯದ ಸಾಲಲ್ಲಿ ಮುಂದಿನ ರಸ್ತೆ ಕಾಣೋ ಹಾಗೆ ಕೂರಿಸಿ, ಮೊಬೈಲ್ ಕಿತ್ತುಕೊಳ್ಳಿ.

ಬಸ್ಸಲ್ಲಿ ಹೋಗೋರು ಯಾರಾದ್ರೂ ಇದನ್ನ ಓದ್ತಿದ್ರೆ: ಕೊಪ್ಪ ಕಡೆ ‘ಸಹಕಾರ ಸಾರಿಗೆ’ ಬಸ್ಸು ಹಿಡೀರಿ ಅಂತ ಹಳೇ ಬರಹಗಳಲ್ಲಿ ಇನ್ನೂ ಇದೆ. ಅದು ನಿಂತು ಹೋಗಿದ್ದು 2020ರಲ್ಲಿ.


ಉತ್ತರ: ಲಕ್ಕವಳ್ಳಿ ಹಿನ್ನೀರು

ಸಫಾರಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕುದುರೆಮುಖದಲ್ಲಿ ನಾಗರಹೊಳೆ ಥರ ಜೀಪ್ ಸಫಾರಿ ಇಲ್ಲ. ಅದು 600 ಚದರ ಕಿಲೋಮೀಟರಿನ ದಟ್ಟ ಕಾಡು, ಹುಲ್ಲುಗುಡ್ಡ. ಸಿಂಗಳೀಕ, ಕಡವೆ, ಕಾಟಿ ಎಲ್ಲ ಇವೆ, ಆದ್ರೆ ಇಂಥ ಹೊತ್ತಿಗೆ ಇಂಥ ಕಡೆ ಕಾಣುತ್ತೆ ಅನ್ನೋ ಲೆಕ್ಕವಿಲ್ಲ. ಸಫಾರಿಯೇ ಬೇಕು ಅಂದ್ರೆ ಶಿವಮೊಗ್ಗದವರಿಗೆ ಭದ್ರಾ ಹುಲಿ ಅಭಯಾರಣ್ಯ ಮನೆ ಹಿತ್ತಲು ಇದ್ದ ಹಾಗೆ. ಲಕ್ಕವಳ್ಳಿ ಕಡೆಯಿಂದ ಜೀಪೂ ಇದೆ, ದೋಣಿಯೂ ಇದೆ. ಅದನ್ನ ಇನ್ನೊಂದು ಭಾನುವಾರಕ್ಕೆ ಇಟ್ಕೊಳ್ಳಿ. ಇದಕ್ಕೆ ಅದನ್ನ ಸೇರಿಸಬೇಡಿ.


ಉತ್ತರ: ಡೇಪಾ ಬಾಟ್ಲಿ

ಅಮ್ಮ ಹೇಳೋದರಲ್ಲಿ ಅರ್ಧ ಸರಿ ಇದೆ. ಉಂಬಳ ಬೇರೆ, ಉಣುಗು (ಉಣ್ಣೆ ಹುಳ) ಬೇರೆ. ಜನ ಹೆದರೋದು ಉಂಬಳಕ್ಕೆ, ನಿಜವಾಗಿ ಹೆದರಬೇಕಾದದ್ದು ಉಣುಗಿಗೆ.

ಉಂಬಳ (ಕೆಲವರು ಇಂಬಳ ಅಂತೀರಿ) ನವೆಂಬರ್ ಕೊನೆಗೆ ಬಯಲು ಹುಲ್ಲಲ್ಲಿ ಕಡಿಮೆಯಾಗಿರುತ್ತೆ, ಹಳ್ಳದ ಬದಿ ಒದ್ದೆ ಕಾಡಲ್ಲಿ ಇನ್ನೂ ಇರುತ್ತೆ. ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ, ಸಾಕ್ಸ್ ಮೇಲ್ತುದಿಗೂ ಬೂಟಿಗೂ ಬೇವಿನೆಣ್ಣೆ ಅಥವಾ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿ. ಹಳ್ಳ ದಾಟಿದಾಗ ತೊಳೆದು ಹೋಗುತ್ತೆ, ಮತ್ತೆ ಹಚ್ಚಬೇಕು. ಕಚ್ಚಿಕೊಂಡಿದ್ರೆ ಹಿಡಿದು ಜಗ್ಗಬೇಡಿ. ಸಣ್ಣ ತುದಿ ಇರೋ ಕಡೆಯಿಂದ ಉಗುರನ್ನ ಚರ್ಮಕ್ಕೆ ತಾಗಿಸಿ ಅಡ್ಡಕ್ಕೆ ಸರಿಸಿದ್ರೆ ಬಿಟ್ಟುಬಿಡುತ್ತೆ. ನಮ್ಮ ಕಡೆ ಉಪ್ಪು, ಸುಣ್ಣ ಹಾಕೋದು ರೂಢಿ. ಬಿಡುತ್ತೆ ನಿಜ, ಆದ್ರೆ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನ ಗಾಯಕ್ಕೇ ಕಕ್ಕುತ್ತೆ. ಅದಕ್ಕೇ ಉಗುರು ಮೇಲು. ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರೋದರಿಂದ ಬಿಟ್ಟ ಮೇಲೂ ಒಂದೆರಡು ತಾಸು ರಕ್ತ ಒಸರಬಹುದು. ತೊಳೆದು, ಹತ್ತಿ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಿದ್ರೆ ಸಾಕು. ಕೆರೆದುಕೊಂಡವರಿಗೇ ಕೀವಾಗೋದು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಿದ್ರೆ ಅವರ ಬಗ್ಗೆ ಮಾತ್ರ ಜಾಗ್ರತೆ ಇರಲಿ. ಅಮ್ಮ ತಗೊಳ್ತಾರಾ, ಒಮ್ಮೆ ನೋಡಿ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ ಮೊದಲು ಪತ್ತೆಯಾಗಿದ್ದು. ಹರಡೋದು ಉಣುಗಿನಿಂದ. ಡಿಸೆಂಬರಿಂದ ಮೇವರೆಗೆ ಜೋರು, ಏಕೆಂದರೆ ಆಗ ಉಣುಗಿನ ಮರಿಗಳು ತರಗೆಲೆಯಲ್ಲಿ ತುಂಬಿರುತ್ತವೆ. ರಾಗಿಕಾಳಿನಷ್ಟೂ ಇರೋದಿಲ್ಲ, ಕಚ್ಚಿದ್ದೂ ಗೊತ್ತಾಗೋದಿಲ್ಲ. ನೀವು ಹೋಗೋದು ಆ ಕಾಲದ ಹೊಸ್ತಿಲಲ್ಲಿ. ಕಾಲುದಾರಿ ಬಿಟ್ಟು ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ, ಬ್ಯಾಗನ್ನೂ ಇಡಬೇಡಿ. ಪೂರ್ತಿ ತೋಳಿನ, ತಿಳಿ ಬಣ್ಣದ ಬಟ್ಟೆ ಹಾಕಿ, ಹರಿದಾಡೋದು ಕಣ್ಣಿಗೆ ಬೀಳುತ್ತೆ. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಣುಗು ಹತ್ತದ ಹಾಗೆ ತಡೆಯೋ ಡೇಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಕಾಡಿಗಿಳೀರಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗಿ ಫೋಟೋ ತೆಗೀಬೇಡಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತಲೂ ಹರಡಿರುತ್ತೆ. ಗೈಡಿಗೆ ಹೇಳಿ ಸುತ್ತುಹಾಕಿ ಬನ್ನಿ.

ವಾಪಸ್ ಬಂದ ಕೂಡಲೇ ಬಟ್ಟೆಯನ್ನ ಹಾಸಿಗೆ ಮೇಲೆ ಎಸೆಯದೆ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಮೈ ಉಜ್ಜಿ, ಕಂಕುಳು, ತೊಡೆಸಂದು, ಕಿವಿ ಹಿಂದೆ, ಸೊಂಟದ ದಾರದ ಕೆಳಗೆ ಒಬ್ಬರನ್ನೊಬ್ಬರು ನೋಡಿ. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ಹಣೆ ಸಿಡಿಯೋ ತಲೆನೋವು, ಮೈಕೈ ನೋವು ಬಂದ್ರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಡಾಕ್ಟರಿಗೆ ಮೊದಲ ಮಾತೇ ‘ಕಾಡಿಗೆ ಹೋಗಿದ್ದೆವು’ ಅಂತಿರಲಿ. ಇದನ್ನ ಹೇಳದೆ ಬರೀ ವೈರಲ್ ಅಂತ ನಾಲ್ಕು ದಿನ ಕಳೆದವರೇ ಕಷ್ಟಕ್ಕೆ ಬೀಳೋದು.


ಉತ್ತರ: ಹಂಡೆ ಒಲೆ

ಅಮ್ಮ ಮತ್ತು ಮಗನ ದಿನದ ಬಗ್ಗೆ. ಸಂಸೆ ಕಡೆಯವರು ‘ಕಳಸದಲ್ಲಿ ಇದೆ’ ಅಂತ ಒಂದೇ ಮಾತಲ್ಲಿ ಮುಗಿಸಿದ್ರು.

ಹೋಂಸ್ಟೇಗೆ ಫೋನ್ ಮಾಡುವಾಗ ವ್ಯೂ ಇದೆಯಾ ಅಂತ ಕೇಳೋದು ಬಿಟ್ಟು ಇದನ್ನ ಕೇಳಿ: ನಮ್ಮ ಗಾಡಿ ಅಂಗಳದವರೆಗೆ ಬರುತ್ತಾ, ಇಲ್ಲಾ ಜೀಪು ಹಿಡೀಬೇಕಾ? ರೂಮು ನೆಲದಲ್ಲಿದೆಯಾ, ಮೆಟ್ಟಿಲು ಎಷ್ಟು? ಕಮೋಡ್ ಇದೆಯಾ? ಮಂಡಿನೋವಿನವರಿಗೆ ಈ ಮೂರೇ ಮುಖ್ಯ. ಬಿಸಿನೀರು ಹಂಡೆ ಒಲೆಯದಾದ್ರೆ ಬೆಳಿಗ್ಗೆ ಐದಕ್ಕೇ ಬೇಕು ಅಂತ ಹಿಂದಿನ ರಾತ್ರಿ ಹೇಳಿಡಿ, ಸೌದೆ ಹಾಕೋರೂ ಏಳಬೇಕಲ್ಲ. ಬಾಡಿಗೆ ತಲೆಗೆ ಇಷ್ಟು ಅಂತ ಇರುತ್ತೆ. ಅದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ, ಗುಡ್ಡಕ್ಕೆ ಕಟ್ಟಿಕೊಡೋ ಬುತ್ತಿ ಸೇರಿದೆಯಾ, ಜೀಪ್ ಬಾಡಿಗೆ ಬೇರೆಯಾ ಅನ್ನೋದನ್ನ ಮೊದಲೇ ಬಾಯಿಬಿಟ್ಟು ಕೇಳಿ. ಜೀಪಿಗೆ ಲೆಕ್ಕ ಗಾಡಿಗೆ ಇಷ್ಟು ಅಂತ, ತಲೆಗಲ್ಲ. ಇಬ್ಬರೇ ಆದ್ರೆ ಅದೇ ಹೋಂಸ್ಟೇಯ ಇನ್ನೊಂದು ಗುಂಪಿನ ಜೊತೆ ಸೇರಿಕೊಳ್ಳಬಹುದು.

ಕಳಸೇಶ್ವರ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಬೇಕು, ಅಮ್ಮ ನಿಧಾನ ಹತ್ತಲಿ. ಅಂಬಾತೀರ್ಥಕ್ಕೆ ಗಾಡಿ ಹೋಗುತ್ತೆ. ಭದ್ರೆಯ ಮಧ್ಯೆ ಚಪ್ಪಟೆ ಬಂಡೆ ಮೇಲೆ ಕೂರಿಸಿದ ದೊಡ್ಡ ಕಲ್ಲು, ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟದ್ದು ಅಂತ ಪ್ರತೀತಿ, ಕಲ್ಲಿನ ಮೇಲೆ ಶಾಸನವೂ ಇದೆ. ನೋಡಿ ಬನ್ನಿ, ನೀರಿಗೆ ಮಾತ್ರ ಇಳಿಸಬೇಡಿ. ಮೇಲೆ ನಿಂತ ನೀರಿನ ಹಾಗೆ ಕಾಣೋ ಕಡೆಯೇ ಬಂಡೆ ಕೊರೆದು ಗುಂಡಿಯಾಗಿರುತ್ತೆ, ಪಾಚಿ ಮೇಲೆ ಕಾಲಿಟ್ಟರೆ ಹಿಡಿಯೋಕೆ ಏನೂ ಇಲ್ಲ.

ಹೊರನಾಡು ಕಳಸದಿಂದ 8 ಕಿಲೋಮೀಟರ್. ಗಂಡಸರು ಅಂಗಿ ತೆಗೆದು ಶಲ್ಯ ಹೊದೆಯಬೇಕು, ಒಂದು ಪಂಚೆ–ಶಲ್ಯ ಇಟ್ಕೊಂಡೇ ಹೋಗಿ. ಪ್ರಸಾದದ ಊಟ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಇದೆ. ಭಾನುವಾರ ಮಧ್ಯಾಹ್ನದ ನೂಕಿಗಿಂತ ಶನಿವಾರ ರಾತ್ರಿ ಊಟ ಅಮ್ಮನಿಗೆ ಆರಾಮ. ಮಗನಿಗೆ ಗುಡ್ಡ ಬೇಕೇ ಬೇಕು ಅಂದ್ರೆ ಹೊರನಾಡಿನ ಹತ್ತಿರ ಕ್ಯಾತನಮಕ್ಕಿ ಇದೆ. ಜೀಪು ಮೇಲಿನವರೆಗೂ ಹೋಗುತ್ತೆ, ಹುಲ್ಲುಗುಡ್ಡದ ಸಾಲು ಅಲ್ಲಿಂದಲೂ ಕಾಣುತ್ತೆ. ಅಮ್ಮನಿಗೆ ಆ ಕುಲುಕಾಟ ಬೇಡ, ಅವರು ಸಂಸೆಯ ಟೀ ತೋಟದ ರಸ್ತೆಯಲ್ಲಿ ನಿಮ್ಮ ಗಾಡಿಯಲ್ಲೇ ಒಂದು ಸುತ್ತು ಬರಲಿ.

ಜಲಪಾತದಲ್ಲೂ ವ್ಯತ್ಯಾಸ ಇದೆ. ಕಡಾಂಬಿ ರಸ್ತೆಯಿಂದಲೇ ಕಾಣುತ್ತೆ. ಹನುಮಾನಗುಂಡಿಗೆ ಟಿಕೆಟ್ ತಗೊಂಡು ಕಡಿದಾದ ಮೆಟ್ಟಿಲು ಉದ್ದಕ್ಕೆ ಇಳೀಬೇಕು. ಇಳಿಯೋದೇ ಮಂಡಿಗೆ ಪೆಟ್ಟು, ಆಮೇಲೆ ಅಷ್ಟನ್ನೂ ಹತ್ತಬೇಕು. ಅಮ್ಮ ಮೇಲೇ ಇರಲಿ, ಒಬ್ಬರು ಜೊತೆಗಿರಿ. ಮಂಗಗಳಿವೆ, ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಕೂರೋದು ಬೇಡ.


ತುಂಗಾನಾಲೆ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ. ಸೋಮವಾರ ರಜೆ ಹಾಕ್ತಿದೀನಿ. ಈಗಿನ ಲೆಕ್ಕ: ಶನಿವಾರ ಎನ್.ಆರ್. ಪುರ ಮೇಲೆ ಕಳಸ, ಸಂಜೆ ಹೊರನಾಡು. ಭಾನುವಾರ ನಾನು, ತಮ್ಮ, ತಮ್ಮನ ಹೆಂಡತಿ ಗುಡ್ಡಕ್ಕೆ, ಮನೆಯವರು ಅಮ್ಮ–ಮಗನ ಜೊತೆ ಕಳಸದಲ್ಲಿ. ಸೋಮವಾರ ಕುದುರೆಮುಖ, ಕಡಾಂಬಿ, ಶೃಂಗೇರಿ ಮೇಲೆ ವಾಪಸ್.

ಇನ್ನೆರಡು ಪ್ರಶ್ನೆ. ಗುಡ್ಡಕ್ಕೆ ಏನೇನು ಹೊರಬೇಕು? ಮಳೆ ಬಂದ್ರೆ ಏನು ಮಾಡೋದು?


ಉತ್ತರ: ಸೆಕೆಂಡ್ ಗೇರ್

ಸರಿ ಇದೆ. ಒಂದೇ ಸೇರ್ಪಡೆ: ಸೋಮವಾರ ಗಾಡಿ ಓಡಿಸೋದು ಗುಡ್ಡ ಹತ್ತದೇ ಇದ್ದವರಾದ್ರೆ ಒಳ್ಳೇದು. 20 ಕಿಲೋಮೀಟರ್ ಹತ್ತಿ ಇಳಿದ ಮಾರನೇ ದಿನ ತೊಡೆ ಕಲ್ಲಾಗಿರುತ್ತೆ, ಕ್ಲಚ್ ಒತ್ತುವಾಗಲೇ ಗೊತ್ತಾಗೋದು. ಕಳಸದಿಂದ ಎಂಟಕ್ಕೆ ಮೊದಲು ಬಿಡಿ. ಶೃಂಗೇರಿಯಲ್ಲಿ ಮಧ್ಯಾಹ್ನ ಗುಡಿ ಬಾಗಿಲು ಹಾಕ್ತಾರೆ, ಅದಕ್ಕೆ ಮುಂಚೆ ಮುಟ್ಟಬೇಕು.


ಉತ್ತರ: ಸಂಸೆ ಕಡೆಯವ

ಈಗ ಸರಿಯಾಯ್ತು. ತಲೆಗೆ ಎರಡೂವರೆಯಿಂದ ಮೂರು ಲೀಟರ್ ನೀರು. ಕೆಳಗಿನ ಅರ್ಧ ದಾರಿಯಲ್ಲಿ ಹಳ್ಳಗಳು ಸಿಗ್ತವೆ, ಒಂಟಿಮರ ಅನ್ನೋ ಜಾಗ ದಾಟಿ ಮೇಲೆ ಬ್ಯಾಣಕ್ಕೆ (ಬಯಲು ಹುಲ್ಲುಗುಡ್ಡಕ್ಕೆ) ಬಿದ್ದಮೇಲೆ ನೆರಳಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು ನೇರ ಬೆನ್ನಿಗೆ. ಎರಡು ಓಆರ್‌ಎಸ್ ಪೊಟ್ಟಣ, ಟೋಪಿ ಇರಲಿ. ಬುತ್ತಿಗೆ ಹಸಿ ತೆಂಗಿನಕಾಯಿ ಹಾಕಿದ ಚಿತ್ರಾನ್ನ, ಕಾಯಿಚಟ್ನಿ ಬೇಡ, ಬ್ಯಾಗಿನ ಶಾಖಕ್ಕೆ ಹನ್ನೊಂದಕ್ಕೇ ಹಳಸುತ್ತೆ. ಚಪಾತಿ–ಚಟ್ನಿಪುಡಿ, ಪುಳಿಯೋಗರೆ, ಒಂದು ಉಂಡೆ ಬೆಲ್ಲ, ಕಡಲೆಬೀಜ ಸಾಕು. ಸ್ಟೀಲ್ ಬಾಟ್ಲಿ, ಡಬ್ಬಿ ತನ್ನಿ. ಪ್ಲಾಸ್ಟಿಕ್ ಕವರು ಗೇಟಲ್ಲೇ ತೆಗೆಸಿಡ್ತಾರೆ.

ಹೊಸ ಬೂಟು ಅವತ್ತೇ ಹಾಕಬೇಡಿ, ಹದಿನೈದು ದಿನ ಮುಂಚೆ ಮನೆ ಸುತ್ತ ತಿರುಗಿ ಪಳಗಿಸಿ. ಕಾಲುಗುರು ಹಿಂದಿನ ದಿನವೇ ಕತ್ತರಿಸಿ. ಇಳಿಯುವಾಗ ಬೆರಳು ಬೂಟಿನ ಮೂತಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಗೋದು ಇಲ್ಲಿನ ಮಾಮೂಲು ಗಾಯ. ಒಬ್ಬೊಬ್ಬರಿಗೆ ಒಂದು ಕೋಲು, ಹತ್ತೋಕಲ್ಲ, ಇಳಿಯೋಕೆ. ಸಣ್ಣ ಜಲ್ಲಿ ಕೂತ ಕೆಂಪುಮಣ್ಣು ಒಣಗಿದ್ರೆ ಗೋಲಿ ಥರ ಉರುಳುತ್ತೆ, ಒದ್ದೆಯಾದ್ರೆ ಸೋಪು. ಹಿಮ್ಮಡಿ ಒತ್ತಿ, ಮಂಡಿ ಸ್ವಲ್ಪ ಬಗ್ಗಿಸಿ, ಅಡ್ಡಡ್ಡ ಕಾಲಿಟ್ಟು ಇಳೀರಿ.

ಮಳೆ: ನವೆಂಬರಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದ್ರೆ ಇಲ್ಲೂ ಎರಡು ದಿನ ಹಿಡಿದುಕೊಳ್ಳುತ್ತೆ. ಹೊರಡುವ ಹಿಂದಿನ ದಿನ ಹೋಂಸ್ಟೇಗೂ, ಟಿಕೆಟ್ಟಿನಲ್ಲಿ ಕೊಟ್ಟ ನಂಬರಿಗೂ ಫೋನ್ ಮಾಡಿ ದಾರಿ ತೆರೆದಿದೆಯಾ ಕೇಳಿ. ಇಲಾಖೆ ನಿಲ್ಲಿಸಿದ್ರೆ ವಾದ ಬೇಡ. ಮೇಲಿದ್ದಾಗ ಮಳೆ ಬಿತ್ತು ಅಂದ್ರೆ ಮೊದಲು ಏರೋದು ಹಳ್ಳ. ಮೊಣಕಾಲು ಮುಚ್ಚೋಷ್ಟು, ನೀರು ಕೆಂಪಗೆ ಇದ್ರೆ ದಾಟಬೇಡಿ. ಈ ಕಡೆ ಹಳ್ಳ ಏರೋದೂ ಬೇಗ, ಇಳಿಯೋದೂ ಬೇಗ, ದಡದಲ್ಲಿ ಒಂದು ತಾಸು ನಿಂತ್ರೆ ಮುಗೀತು. ಮಂಜು ಕವಿದಾಗ ಗೈಡ್‌ನ ಬೆನ್ನು ಕಾಣೋ ದೂರದಲ್ಲೇ ಇರಿ. ಬ್ಯಾಣದಲ್ಲಿ ಕಾಟಿ, ಕಡವೆ ತುಳಿದ ದಾರಿಗಳು ಕಾಲುದಾರಿ ಥರವೇ ಇರುತ್ತವೆ, ಕೆಲವು ಕಡೆ ಅದಕ್ಕಿಂತ ಅಗಲ. ಅದನ್ನ ಹಿಡಿದು ಹೋದವರು ಗುಡ್ಡದ ಮಡಿಲಲ್ಲಿರೋ ದಟ್ಟ ಶೋಲಾ ಕಾಡೊಳಗೆ ಇಳಿದುಬಿಡ್ತಾರೆ, ಅಲ್ಲಿಂದ ಕೂಗಿದ್ರೆ ಯಾವ ದಿಕ್ಕು ಅಂತಲೂ ಗೊತ್ತಾಗೋದಿಲ್ಲ. ತುದಿಗೆ ಸ್ವಲ್ಪ ಮೊದಲು ಪಾಳುಬಿದ್ದ ಚರ್ಚಿನ ಗೋಡೆಗಳು ಸಿಗ್ತವೆ. ಮೂವರಲ್ಲಿ ಯಾರಾದ್ರೂ ಅಲ್ಲಿಗೆ ಬರುವಾಗ ಹನ್ನೆರಡು ಮೀರಿದ್ರೆ 1,894 ಮೀಟರಿನ ಕಲ್ಲು ಮುಟ್ಟೋ ಹಟ ಬಿಟ್ಟು ಅಲ್ಲಿಂದಲೇ ತಿರುಗಿ. ಕತ್ತಲೆಯಲ್ಲಿ ಇಳಿಯೋ ಕೊನೇ ಎರಡು ಕಿಲೋಮೀಟರ್ ಬೇಡವೇ ಬೇಡ. ಆದರೂ ಒಂದು ತಲೆದೀಪ ಬ್ಯಾಗಲ್ಲಿರಲಿ.

ಬೀಡಿ, ಸಿಗರೇಟು ಸೇದೋರಿದ್ರೆ ಬಾಳಿಗೆಯಲ್ಲೇ ಮುಗಿಸಿ ಬನ್ನಿ. ನವೆಂಬರ್ ಕೊನೆಗೆ ಹುಲ್ಲಿನ ತುದಿ ಒಣಗೋಕೆ ಶುರುವಾಗಿರುತ್ತೆ. ಬೇಸಿಗೆಯಲ್ಲಿ ದಾರಿ ಮುಚ್ಚೋದೇ ಬೆಂಕಿ ಭಯಕ್ಕೆ.

ಜೀಪಿನವರಿಗೆ ಬೆಳಿಗ್ಗೆ ಐದೂವರೆಗೆ ಬನ್ನಿ ಅಂತ ಹೇಳಿ. ಆರಕ್ಕೆ ಅಂದ್ರೆ ಆರೂವರೆಗೆ ಬರ್ತಾರೆ.